ಸಂಪಾದಕರ ಉತ್ತರ: ‘ಕುರಿ ಕಾಯೋಕೆ’ ಹೋದ ಮಗಳು

ಪುಣೆಯ ಹಡಪ್ಸರ್‌ನಿಂದ ಓದುಗರೊಬ್ಬರ ಪತ್ರ: “ನನ್ನ ಮಗಳು ಪಶುವೈದ್ಯಕೀಯ ಮೂರನೇ ವರ್ಷ. ಹೋದ ತಿಂಗಳು ಬಾರಾಮತಿ ಕಡೆಯ ಒಂದು ಕುರಿ ಫಾರ್ಮ್‌ನಲ್ಲಿ ಹತ್ತು ದಿನ ಇದ್ದಳು. ಅಲ್ಲಿ ಈಗ ಕುರಿಗಳು ಈಯುವ ಕಾಲ. ನಾಲ್ಕನೇ ರಾತ್ರಿ ಅವಳ ಕೈಯಲ್ಲೇ ಒಂದು ಮರಿ ಸತ್ತಿತು. ಎರಡು ಕಾಲು ಹೊರಗೆ ಬಂದಿತ್ತಂತೆ, ತಲೆ ಸಿಗಲಿಲ್ಲವಂತೆ. ಇನ್ನೂ ಅದನ್ನೇ ನೆನೆದು ಅಳುತ್ತಾಳೆ. ನೆಂಟರು ‘ಕುರಿ ಕಾಯೋಕೆ ಇಷ್ಟೆಲ್ಲ ಓದಬೇಕಿತ್ತಾ’ ಅಂತಾರೆ. ಮುಂದಿನ ತಿಂಗಳು ಮತ್ತೆ ಹತ್ತು ದಿನ ಹೋಗಬೇಕು. ಕಳಿಸಲಾ, ಬೇಡವಾ? ಹೋದರೂ ನಡುವಿನ ಭಾನುವಾರ ಮನೆಗೆ ಬಂದು ಹೋಗು ಅಂದಿದ್ದೇನೆ. ನಮ್ಮ ಸೊಸೆಗೆ ಈಗ ಐದು ತಿಂಗಳು. ಅತ್ತಿಗೆಯ ಜೊತೆ ಒಂದು ದಿನ ಇದ್ದರೆ ಮನಸ್ಸು ಹಗುರಾಗುತ್ತದೆ.”

ಅಕ್ಕಾವ್ರೇ,

ನಿಮ್ಮ ಪತ್ರ ಓದಿದ ಕೂಡಲೇ ನಮ್ಮೂರಿನ ಲೆಕ್ಕದ ಮೇಷ್ಟ್ರು ನೆನಪಾದರು. ಮಗ್ಗಿ ತಪ್ಪಿದರೆ ಸಾಕು, “ಹೋಗು, ಕುರಿ ಕಾಯ್ಕೊಂಡಿರು” ಅನ್ನುತ್ತಿದ್ದರು. ಇನ್ನೂರು ಕುರಿಯಲ್ಲಿ ಒಂದು ಕಡಿಮೆಯಾದರೆ ಎಣಿಸದೆಯೇ ಗುರುತಿಸುವ ಕುರುಬರನ್ನು ಅವರು ನೋಡಿರಲಿಲ್ಲ ಅಂತ ಕಾಣುತ್ತದೆ. ನೆಂಟರ ಮಾತನ್ನು ಇಲ್ಲಿಗೇ ಬಿಡೋಣ.

ಆ ಮರಿಯ ವಿಷಯಕ್ಕೆ ಬರುತ್ತೇನೆ. ಸರಿಯಾಗಿ ಬರುವ ಕುರಿಮರಿ ದೇವರಿಗೆ ಸಾಷ್ಟಾಂಗ ಹಾಕಿದ ಹಾಗೆ ಬರುತ್ತದೆ. ಮುಂಗಾಲು ಎರಡೂ ಮುಂದೆ, ಅವುಗಳ ಮೇಲೆ ಮೂತಿ. ನಿಮ್ಮ ಮಗಳ ಕೈಗೆ ಸಿಕ್ಕಿದ್ದು ಕಾಲು ಮಾತ್ರ. ತಲೆ ಹಿಂದಕ್ಕೆ ಹೊರಳಿ ಪಕ್ಕೆಗೆ ಒರಗಿತ್ತು ಅಂತ ಕಾಣುತ್ತದೆ. ಆಗ ಕಾಲು ಹಿಡಿದು ಎಷ್ಟು ಎಳೆದರೂ ಮರಿ ಬರುವುದಿಲ್ಲ, ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಕುರಿ ತಿಣುಕುವುದನ್ನು ನಿಲ್ಲಿಸಿದಾಗ ಮರಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಜಾಗ ಮಾಡಿಕೊಂಡು, ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ತಿರುಗಿಸಿ ತರಬೇಕು. ಬರಬೇಕಾದ್ದನ್ನು ಮೊದಲು ಹಿಂದಕ್ಕೆ ತಳ್ಳಬೇಕು! ಇಪ್ಪತ್ತರ ಹುಡುಗಿಗೆ, ಮಧ್ಯರಾತ್ರಿ, ಟಾರ್ಚ್ ಬೆಳಕಿನಲ್ಲಿ ಇದು ಸುಲಭವಾ?

ಅವಳ ತಪ್ಪೇ ಇಲ್ಲ ಅಂತ ಮುಂಬಯಿಯ ದಾದರ್‌ನ ಈ ಆಫೀಸಿನಲ್ಲಿ ಕೂತು ನಾನು ಹೇಳಲಾರೆ. ಹಾಗೆ ಹೇಳಿದರೆ ಅವಳೇ ನಂಬುವುದಿಲ್ಲ. ಕೈ ಹಾಕುವ ಮೊದಲೇ ಮರಿ ಸತ್ತಿರಬಹುದು, ಕೈ ಹಾಕಿದ್ದು ತಡವಾಗಿರಲೂಬಹುದು. ನೀರ ಚೀಲ ಒಡೆದು ಅರ್ಧ ಮುಕ್ಕಾಲು ಗಂಟೆ ತಿಣುಕಿದರೂ ಏನೂ ಕಾಣದಿದ್ದರೆ ನೋಡಲೇಬೇಕು ಅನ್ನುತ್ತಾರೆ. ಆದರೆ ಆತುರಪಟ್ಟು ಮೊದಲೇ ಕೈ ಹಾಕಿದರೆ ಒಳಗೆ ಗಾಯ, ನಂಜು. ಯಾವಾಗ ಸುಮ್ನೆ ಕೂರಬೇಕು, ಯಾವಾಗ ಏಳಬೇಕು ಅನ್ನುವುದು ಹಟ್ಟಿಯಲ್ಲಿ ನಿದ್ದೆಗೆಟ್ಟವರಿಗೆ ಮಾತ್ರ ಗೊತ್ತಾಗುತ್ತದೆ. ನನಗೆ ಕೇಳಿದರೆ, ಅವಳನ್ನು ಮತ್ತೆ ಕಳಿಸಬೇಕಾದ್ದು ಇದೊಂದಕ್ಕೇ.

ಬ್ರಿಟನ್‌ನಲ್ಲಿ ಪಶುವೈದ್ಯಕೀಯ ವಿದ್ಯಾರ್ಥಿಗಳು ಕೋರ್ಸಿನ ಶುರುವಿನ ವರ್ಷಗಳಲ್ಲೇ, ಮಾರ್ಚ್-ಏಪ್ರಿಲ್ ಹೊತ್ತಿಗೆ ಹೀಗೆ ಕುರಿ ಫಾರ್ಮ್‌ಗಳಿಗೆ ಹೋಗುವುದು ವಾಡಿಕೆ. ನಮ್ಮಲ್ಲಿ ಇದು ಇನ್ನೂ ಜಾಸ್ತಿ ಆಗಬೇಕು. ನಮ್ಮ ಆಫೀಸಿನಿಂದ ಹತ್ತಿರದಲ್ಲೇ, ಪರೇಲ್‌ನಲ್ಲಿ, 1886ರಲ್ಲೇ ಪಶುವೈದ್ಯ ಕಾಲೇಜು ಶುರುವಾಯಿತು. ಆದರೆ ಪರೇಲ್‌ನಲ್ಲಿ ಈಯುವ ಕುರಿ ಎಲ್ಲಿ ಸಿಗಬೇಕು ಹೇಳಿ?

ಮಗಳು ಹೋದ ಫಾರ್ಮ್‌ನಲ್ಲಿ ಅವಳಿಗಳೇ ಹೆಚ್ಚು ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಅವು ‘ನಾರಿ ಸುವರ್ಣ’ ಕುರಿಗಳಿರಬೇಕು. ನಮ್ಮ ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಗರೋಲ್ ಅನ್ನುವ ಪುಟ್ಟ ಕುರಿಯ ಅವಳಿ ಹೆರುವ ಗುಣವನ್ನು ದಖ್ಖನಿಗೆ ತಂದು ಈ ತಳಿ ಮಾಡಿದರು. ಸಾಕುವವರಿಗೆ ಲಾಭ, ಹೆರಿಗೆ ಮಾಡಿಸುವವರಿಗೆ ಪರೀಕ್ಷೆ. ಒಳಗೆ ಎಂಟು ಕಾಲು. ಕೈಗೆ ಸಿಕ್ಕ ಎರಡು ಒಂದೇ ಮರಿಯದಾ? ಬೆರಳಿನಲ್ಲೇ ಕಾಲಿನ ಗುಂಟ ಮೇಲೆ ಹೋಗಿ, ಎರಡೂ ಒಂದೇ ಎದೆಗೆ ಸೇರುತ್ತವೆ ಅಂತ ಖಚಿತ ಮಾಡಿಕೊಂಡೇ ಎಳೆಯಬೇಕು. ಗೊರಸಿನ ಮೇಲಿನ ಎರಡು ಕೀಲುಗಳೂ ಒಂದೇ ಕಡೆಗೆ ಮಡಚಿದರೆ ಮುಂಗಾಲು, ಒಂದೊಂದು ಒಂದೊಂದು ಕಡೆಗೆ ಮಡಚಿದರೆ ಹಿಂಗಾಲು. ಕತ್ತಲಲ್ಲಿ ಬೆರಳೇ ಕಣ್ಣು.

ಗಿಣ್ಣದ ಬಗ್ಗೆಯೂ ಕೇಳಿದ್ದೀರಿ. “ಫಾರ್ಮ್‌ನವರು ಒಂದು ತೊಟ್ಟೂ ಕೊಡಲಿಲ್ಲ, ಇಷ್ಟು ಜಿಪುಣರಾ” ಅಂತ. ಜಿಪುಣತನ ಅಲ್ಲ ಅಕ್ಕಾವ್ರೇ. ಮನುಷ್ಯರ ಕೂಸಿಗೆ ರೋಗ ತಡೆಯುವ ಶಕ್ತಿ ಸ್ವಲ್ಪ ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಬರುತ್ತದೆ. ಕುರಿಮರಿಗೆ ಹಾಗೆ ಬರುವುದಿಲ್ಲ, ಅಷ್ಟೂ ಗಿಣ್ಣುಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಬಾಗಿಲು ಮರಿಯ ಕರುಳಿನಲ್ಲಿ ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಮೂರು ಕಿಲೋ ಮರಿಗೆ ಮೊದಲ ಎರಡು ಗಂಟೆಯಲ್ಲೇ 150 ಮಿಲಿ, ಮೊದಲ ದಿನಕ್ಕೆ ಒಟ್ಟು 600 ಮಿಲಿಯಷ್ಟು ಬೇಕು. ಅವಳಿ ಇದ್ದರೆ ತಾಯಿಯ ಕೆಚ್ಚಲಿನಲ್ಲಿ ಉಳಿಯುವುದಾದರೂ ಏನು? ಗಿಣ್ಣ ತಿನ್ನುವ ಆಸೆಯಾದರೆ ಪುಣೆಯ ಡೇರಿಗಳಲ್ಲಿ ಖರ್ವಸ್ ಸಿಗುತ್ತದೆ, ಎಮ್ಮೆಯದು. ನನಗೂ ಇಷ್ಟ.

ಸತ್ತ ಮರಿಯ ಚರ್ಮ ಸುಲಿದು ಇನ್ನೊಂದು ಮರಿಗೆ ಹೊದಿಸಿದರು ಅಂತ ಮಗಳು ಬೆಚ್ಚಿದ್ದಾಳೆ. ಅದು ಕ್ರೌರ್ಯ ಅಲ್ಲ ಅಂತ ಅವಳಿಗೆ ಹೇಳಿ. ಕುರಿ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದ. ಬೇರೆ ಮರಿ ಬಂದರೆ ಗುದ್ದಿ ಓಡಿಸುತ್ತದೆ. ತನ್ನ ಮರಿಯದೇ ವಾಸನೆ ಬಂದರೆ ತಬ್ಬಲಿಯನ್ನೂ ಕುಡಿಯಲು ಬಿಡುತ್ತದೆ. ನಮ್ಮ ಅಜ್ಜಿಯ ಊರು ಬಾಗಲಕೋಟೆ ಕಡೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಲು ಬರುತ್ತಿದ್ದ ಹಾಲುಮತದವರು ಹೀಗೆ ಮಾಡಿದ್ದನ್ನು ನಾನೇ ನೋಡಿದ್ದೇನೆ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಬೆಳಿಗ್ಗೆ ಆ ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯುತ್ತಿತ್ತು.

ಅಂದ ಹಾಗೆ, ಫಾರ್ಮ್ ಮನೆಯವರ ಮರಾಠಿ ಅರ್ಥವಾಗುವುದಿಲ್ಲ ಅನ್ನುವ ದೂರನ್ನು ಮಗಳು ಬಿಡಲಿ. ಅಲ್ಲಿ ಕುರಿ ಕಾಯುವ ಧನಗರರ ದೇವರು ಬಿರೋಬ ನಮ್ಮ ಬೀರಪ್ಪನೇ. ಜೇಜುರಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಅಷ್ಟು ಸಾಕು, ಮಾತು ಶುರುವಾಗುತ್ತದೆ. ಆ ಮನೆಯ ಅಜ್ಜಿಯ ಪಕ್ಕ ಕೂತು ಕೇಳಿಕೊಳ್ಳಲಿ.

ಇನ್ನು ಭಾನುವಾರದ ಮಾತು. ಕಳಿಸಿ ಅಂತ ಇಷ್ಟು ಹೊತ್ತು ಹೇಳಿದವನು ಇಲ್ಲಿ ಬೇಡ ಅನ್ನುತ್ತಿದ್ದೇನೆ. ದಯವಿಟ್ಟು ನಡುವೆ ಕರೆಸಿಕೊಳ್ಳಬೇಡಿ. ಈದ ಕುರಿಯ ನೀರು, ಮಾಸು, ಒದ್ದೆ ಮರಿ, ಇವುಗಳಿಂದ ಬ್ರುಸೆಲ್ಲಾ, ಕ್ಯೂ ಫೀವರ್, ಟಾಕ್ಸೊಪ್ಲಾಸ್ಮಾದಂಥ ರೋಗಗಳು ಮನುಷ್ಯರಿಗೂ ಬರಬಹುದು. ಬಸುರಿಯರಿಗೆ ಇವು ಜಾಸ್ತಿ ಅಪಾಯ, ಗರ್ಭವೇ ಇಳಿದುಹೋಗಬಹುದು. ಬಟ್ಟೆ, ಬೂಟಿನ ಮೂಲಕವೂ ಮನೆ ಸೇರಬಹುದು. ಹತ್ತು ದಿನ ಮುಗಿಸಿಯೇ ಬರಲಿ. ಗಮ್‌ಬೂಟನ್ನು ಅಲ್ಲೇ ಬಿಟ್ಟು, ಬಟ್ಟೆಗಳನ್ನು ಅಲ್ಲೇ ಬಿಸಿನೀರಿನಲ್ಲಿ ಒಗೆದು, ಸ್ನಾನ ಮಾಡಿ ಹೊರಡಲಿ. ಹೋದ ಸಲದ ಬ್ಯಾಗ್ ಇನ್ನೂ ಬಿಚ್ಚದೆ ಇಟ್ಟಿದ್ದರೆ ಅದನ್ನು ಸೊಸೆಯ ಕೈಗೆ ಕೊಡಬೇಡಿ. ಹೋದ ಸಲ ಬಂದಾಗಿನ ವಿಷಯವನ್ನು ಸೊಸೆಯ ಡಾಕ್ಟರಿಗೆ ಒಂದು ಮಾತು ತಿಳಿಸಿಬಿಡಿ. ಮಗಳೂ ಗ್ಲೌಸ್ ಇಲ್ಲದೆ ಕೈ ಹಾಕದಿರಲಿ, ಅಲ್ಲಿ ಹಸಿ ಹಾಲು ಕುಡಿಯದಿರಲಿ.

ನಿಮ್ಮ ಹೊಸ ವಿಳಾಸವನ್ನು ಗುರುತು ಹಾಕಿಕೊಂಡಿದ್ದೇವೆ. ಮುಂದಿನ ಸಂಚಿಕೆ ಅಲ್ಲಿಗೇ ಬರುತ್ತದೆ.

— ಸಂಪಾದಕ