ನಕ್ಷೆಯಲ್ಲಿ ಬಾಗಿಲೇ ಇಲ್ಲದ ಮೂಲೆ

(ಗುರುತು ಸಿಗದಿರಲೆಂದು ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದಿದ್ದ ಆ ದಂಪತಿ, ಮನೆ ಕಟ್ಟುವ ಮಾತು ಶುರುವಾದಾಗಿನಿಂದ ನೆಟ್ಟಗೆ ಮಾತಾಡಿರಲಿಲ್ಲ. "ಯಾವ ಪ್ಲಾನ್ ತೋರಿಸಿದರೂ ಇವಳಿಗೆ ಏನೋ ಒಂದು ಕೊರತೆ. ಸ್ವಂತ ಮನೆಯೇ ಬೇಡವೇನೋ" ಎಂದರು ಗಂಡ. ಹೆಂಡತಿ ತಲೆ ತಗ್ಗಿಸಿ ಕೂತಿದ್ದರು. ಮನೆಯಲ್ಲಿ ಹದಿಹರೆಯದ ಮಗಳು, ಜೊತೆಗೆ ಮಂಡಿನೋವಿನ ಅತ್ತೆ.

ಮುಂದಿನ ಸಲ ನಕ್ಷೆಯನ್ನೇ ತನ್ನಿ ಎಂದೆ. ಕಂಬ, ತೊಲೆಗಳ ವಿಚಾರ ಎಂಜಿನಿಯರಿಗೆ ಬಿಟ್ಟದ್ದು. ಆದರೆ ಮನೆಯವರು ಬಾಯಿ ಬಿಟ್ಟು ಹೇಳದ್ದನ್ನು ನಕ್ಷೆ ಎಷ್ಟೋ ಸಲ ಹೇಳಿಬಿಡುತ್ತದೆ. ಇದರಲ್ಲಿ ಗಂಡನಿಗೊಂದು ಆಫೀಸ್ ಕೋಣೆ ಇತ್ತು. ಹೆಂಡತಿಯೂ ಮನೆಯಲ್ಲೇ ಕೂತು ಲೆಕ್ಕಪತ್ರ ನೋಡುವವರು. ಅವರ ಮೇಜು ಮಾತ್ರ ಮೆಟ್ಟಿಲ ಕೆಳಗೆ, ಹಾಲಿಗೆ ತೆರೆದುಕೊಂಡ ಮೂಲೆಯಲ್ಲಿ.

ಎಲ್ಲರೆದುರು ಕೇಳಿದರೆ "ಪರವಾಗಿಲ್ಲ" ಎನ್ನುತ್ತಿದ್ದರು. ಅದಕ್ಕೇ ಒಂದು ಕೆಲಸ ಕೊಟ್ಟೆ. ನಕ್ಷೆಯ ನಾಲ್ಕು ಪ್ರತಿ ತೆಗೆಸಿ, ನಾಲ್ವರೂ ಬೇರೆ ಬೇರೆ ಕೂತು, ಏಳುವುದರಿಂದ ಮಲಗುವವರೆಗೆ ತಾವು ಓಡಾಡುವ ದಾರಿಯನ್ನು ಪೆನ್ಸಿಲಿನಲ್ಲಿ ಎಳೆಯಬೇಕು. ಬಾಗಿಲು ಹಾಕಿಕೊಂಡಿರಬೇಕು ಅನಿಸುವ ಕಡೆ ಒಂದು ಚುಕ್ಕಿ. ಒಬ್ಬರ ಹಾಳೆಯನ್ನು ಇನ್ನೊಬ್ಬರು ತಿದ್ದುವಂತಿಲ್ಲ.

ಹೆಂಡತಿಯ ಗೆರೆಗಳು ಅಡುಗೆಮನೆ, ಹಾಲ್, ಮೆಟ್ಟಿಲು ಸುತ್ತಿ ಸುತ್ತಿ ದಟ್ಟವಾಗಿದ್ದವು. ಚುಕ್ಕಿಯನ್ನು ನಕ್ಷೆಯ ಆಚೆ, ಹಾಳೆಯ ಅಂಚಿನಲ್ಲಿ ಇಟ್ಟಿದ್ದರು. ಗಂಡ ಬಹಳ ಹೊತ್ತು ಅದನ್ನೇ ನೋಡಿದರು. ನಾವು ಯಾರೂ ಎಣಿಸದೆ ಇದ್ದದ್ದು ಅತ್ತೆಯ ಹಾಳೆಯಲ್ಲಿತ್ತು: ರಾತ್ರಿ ಬಚ್ಚಲಿಗೆ ಹೋಗಲು ಅವರು ಇಡೀ ಹಾಲ್ ದಾಟಬೇಕು. ಮಗನಿಗೆ ಹೊರೆಯಾಗಬಾರದೆಂದು ಸುಮ್ಮನಿದ್ದರು ಪಾಪ.

ಹೆಂಡತಿಗೆ ನಾನು ಹೇಳಿದ್ದು: "ಪ್ಲಾನ್ ಸರಿಯಿಲ್ಲ" ಅಂದರೆ ಅವರಿಗೆ ಅದು ಬೈದ ಹಾಗೆ ಕೇಳಿಸುತ್ತದೆ. "ಕೆಲಸದ ಹೊತ್ತಿನಲ್ಲಿ ನನಗೊಂದು ಬಾಗಿಲು ಬೇಕು" ಅನ್ನಿ. ಗಂಡನಿಗೆ: ಅವರು ಹೇಳಿ ಮುಗಿಸುವವರೆಗೆ ಖರ್ಚಿನ ಮಾತು ಎತ್ತಬೇಡಿ. ನಿಮ್ಮ ಚಿಂತೆ ನಿಜವಾದದ್ದೇ. ಅದಕ್ಕೆ ಬೇರೊಂದು ದಿನ ಕೂತುಕೊಳ್ಳಿ.

ಎಂಜಿನಿಯರ್ ಮುಂದೆ ಇಡಬೇಕಾದ ಪ್ರಶ್ನೆಗಳನ್ನೂ ಬರೆಸಿದೆ. ಅತ್ತೆಯ ಕೋಣೆಗೇ ಹೊಂದಿಕೊಂಡು ಬಚ್ಚಲು ಬರುತ್ತದೆಯೇ? ಅದರ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಯಾರಾದರೂ ಬಿದ್ದು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತಳ್ಳಲಾಗುವುದಿಲ್ಲ. ಮುಂದೆ ಗಾಲಿಕುರ್ಚಿ ಬೇಕಾದೀತು. ಬಾಗಿಲಿಗೆ 3 ಅಡಿ, ಕುರ್ಚಿ ತಿರುಗಲು ಸುಮಾರು 5 ಅಡಿ ಬಿಡಿ. ಇನ್ನು, 1:100 ಅಳತೆಯ ನಕ್ಷೆಯಲ್ಲಿ ಒಂದು ಮೀಟರ್ ಬರೀ ಒಂದು ಸೆಂಟಿಮೀಟರ್. ಕಣ್ಣಂದಾಜು ನಂಬದೆ ಬಯಲಲ್ಲಿ ಸುಣ್ಣದ ಗೆರೆ ಎಳೆದು ಕೋಣೆಗಳಲ್ಲಿ ನಡೆದು ನೋಡಿ, ಮಂಚದ ಜಾಗಕ್ಕೆ ಚಾಪೆ ಹಾಸಿ ಎಂದೆ.

ಆಫೀಸ್ ಕೋಣೆಯಲ್ಲಿ ಎರಡು ಮೇಜು ಹಾಕಿ, ಹೊತ್ತು ಹಂಚಿಕೊಳ್ಳಲು ಇಬ್ಬರೂ ಒಪ್ಪಿದ್ದಾರೆ. ಬಚ್ಚಲು ಜಾಗ ಬದಲಿಸಲಿದೆ. ಮಗಳ ತಲೆದಿಂಬಿನ ಗೋಡೆಯ ಆಚೆಗೇ ಟಿ.ವಿ. ಬರುವ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮುಂದಿನ ಭೇಟಿಗೆ ಅವಳನ್ನೂ ಕರೆತರಲು ಹೇಳಿದ್ದೇನೆ.