ಹ್ಯಾಮ್ ರೇಡಿಯೊದ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್) ಲೂಪ್ ಆಂಟೆನಾಗೆ 4:1 ಬಾಲನ್ ಹಾಕಲಾ, 75 ಓಮ್ ಕೇಬಲ್ ಹಾಕಲಾ?

ಎರಡೂ ಬೇಡ. (ಬಾಲನ್ ಅಂದರೆ ಆಂಟೆನಾ ಮತ್ತು ಕೇಬಲ್ ನಡುವಿನ ಟ್ರಾನ್ಸ್‌ಫಾರ್ಮರ್; 4:1 ಆದರೆ ಓಮ್ ಅನ್ನು ಕಾಲು ಭಾಗಕ್ಕೆ ಇಳಿಸುತ್ತದೆ.) ತೆಂಗಿನ ಮರಗಳ ನಡುವೆ 9 ಮೀಟರ್ ಎತ್ತರದಲ್ಲಿ 43 ಮೀಟರ್ ವೈರಿನ ಅಡ್ಡ ಚೌಕ, ಕೆಳಗೆ 20 ಮೀಟರ್ ಆರ್‌ಜಿ-58 ಕೋಆಕ್ಸ್ (ಟಿವಿ ಕೇಬಲ್ ತರಹದ 50 ಓಮ್ ಕೇಬಲ್), ಟ್ಯೂನರ್ (ಆಂಟೆನಾದ ಓಮ್ ಅನ್ನು ರೇಡಿಯೊಗೆ ಹೊಂದಿಸುವ ಪೆಟ್ಟಿಗೆ) ಇಲ್ಲದೆ 7ರಿಂದ 28 ಮೆಗಾಹರ್ಟ್ಸ್‌ವರೆಗೆ ಎಲ್ಲ ಬ್ಯಾಂಡೂ ಬೇಕು ಅಂತೀರಿ. ಮೊದಲ ಲೂಪ್ ಕಟ್ಟುವಾಗ ನನ್ನ ತಲೆಯಲ್ಲಿದ್ದದ್ದೂ ಇದೇ ಪ್ರಶ್ನೆ. ಆದರೆ ಇಲ್ಲಿ ಬದಲಾಗಬೇಕಾದದ್ದು ಬಾಲನ್ ಅಲ್ಲ, ಆ ಕೋಆಕ್ಸ್.

ಮೊದಲು 75 ಓಮ್ ಕೇಬಲ್ ವಿಚಾರ, ಏಕೆಂದರೆ ಹೆಚ್ಚು ವೈರು, ಹೆಚ್ಚು ಭಾನುವಾರಗಳು ಹಾಳಾಗುವುದು ಇಲ್ಲೇ. 7 ಮೆಗಾಹರ್ಟ್ಸ್‌ನಲ್ಲಿ ಪೂರ್ಣ ತರಂಗದ (ವೈರಿನ ಉದ್ದ ಒಂದು ತರಂಗಾಂತರ) ಲೂಪ್ ಸುಮಾರು 110 ಓಮ್ ತೋರಿಸುತ್ತದೆ. ಕಾಲು ತರಂಗದ 75 ಓಮ್ ತುಂಡು ಅದನ್ನು ರೇಡಿಯೊಗೆ ಬೇಕಾದ 50ಕ್ಕೆ ಇಳಿಸುತ್ತದೆ. ಆರ್‌ಜಿ-11 ಆದರೆ ಸುಮಾರು 7 ಮೀಟರ್, ಫೋಮ್ ಇರುವ ಟಿವಿ ಕೇಬಲ್ ಆರ್‌ಜಿ-6 ಆದರೆ 8.8 ಮೀಟರ್ ಹತ್ತಿರ. 7ರಲ್ಲಿ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆಯ ಅಳತೆ, 1 ಆದರೆ ಪೂರ್ತಿ ಸರಿ) 1.1ಕ್ಕೆ ಬಂದು ನಿಲ್ಲುತ್ತದೆ, ಗೆದ್ದೆವು ಅನಿಸುತ್ತದೆ. 14ಕ್ಕೆ ಹೋದರೆ ಅದೇ ತುಂಡು ಅರ್ಧ ತರಂಗ. ಅರ್ಧ ತರಂಗದ ಕೇಬಲ್ ಏನನ್ನೂ ಬದಲಿಸುವುದಿಲ್ಲ, ಲೂಪಿನಲ್ಲಿದ್ದದ್ದನ್ನೇ ಕೆಳಗೆ ತಂದು ಕೊಡುತ್ತದೆ. 21ರಲ್ಲಿ ಮುಕ್ಕಾಲು ತರಂಗ, ಮತ್ತೆ ಕೆಲಸ ಮಾಡುತ್ತದೆ. 28ರಲ್ಲಿ ಪೂರ್ತಿ ತರಂಗ, ಮತ್ತೆ ಇಲ್ಲ. ಇದು ಗೊತ್ತಿಲ್ಲದವರು 14ರಲ್ಲಿ ಮೀಟರ್ 3 ತೋರಿಸಿದ ಕೂಡಲೇ ಲೂಪಿನ ವೈರ್ ಕತ್ತರಿಸಲು ಶುರು ಮಾಡುತ್ತಾರೆ. ಒಂದು ಮೀಟರ್ ಕತ್ತರಿಸಿದರೆ 7ರ ಅನುರಣನ (ಲೂಪ್ ಸಹಜವಾಗಿ ಒಗ್ಗುವ ಆವರ್ತನ) ಸುಮಾರು 165 ಕಿಲೋಹರ್ಟ್ಸ್ ಮೇಲೇರುತ್ತದೆ. ಒಂದೂವರೆ ಮೀಟರ್ ಹೋಯಿತೆಂದರೆ 7.1ರಲ್ಲಿದ್ದದ್ದು 7.35ಕ್ಕೆ ಹೋಗಿ ಕೂರುತ್ತದೆ, ನಮ್ಮ ಬ್ಯಾಂಡ್ 7.2ಕ್ಕೇ ಮುಗಿಯುತ್ತದೆ. 14 ಮಾತ್ರ ಸರಿಹೋಗಿರುವುದಿಲ್ಲ, ಯಾಕೆಂದರೆ ತಪ್ಪು ವೈರಿನ ಉದ್ದದಲ್ಲಿ ಇರಲೇ ಇಲ್ಲ.

4:1 ಬಾಲನ್ ಇದಕ್ಕಿಂತ ವಾಸಿ. 7, 14, 21, 28ರಲ್ಲಿ ಒಂದು ಮಟ್ಟಿಗೆ ನಡೆಯುತ್ತದೆ. ಆದರೆ ಉಳಿದ ಬ್ಯಾಂಡ್‌ಗಳಾದ 10.1, 18.1, 24.9 ಮೂರನ್ನೂ 7.1ರಿಂದ ಭಾಗಿಸಿ ನೋಡಿ: 1.4, 2.55, 3.5. ಮೂರೂ ಹೆಚ್ಚುಕಡಿಮೆ ಎರಡು ಪೂರ್ಣ ಸಂಖ್ಯೆಗಳ ನಡುವಿನ ಅರ್ಧದಲ್ಲೇ ಬಂದು ನಿಲ್ಲುತ್ತವೆ, ಅಲ್ಲಿ ಲೂಪಿನ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಸಾವಿರಾರು ಓಮ್‌ಗೆ ಏರಬಹುದು. 18ರಲ್ಲಿ ಕೋಆಕ್ಸಿನ ಮೇಲ್ತುದಿಯಲ್ಲಿ ಎಸ್‌ಡಬ್ಲ್ಯೂಆರ್ 20 ಇದೆ ಅಂದುಕೊಳ್ಳಿ. ನಿಮ್ಮ 20 ಮೀಟರ್ ಆರ್‌ಜಿ-58 ಸುಮಾರು 6 ಡಿಬಿ ನುಂಗುತ್ತದೆ: 50 ವಾಟ್ ಕೊಟ್ಟರೆ ಮೇಲೆ ತಲುಪುವುದು 13ರಷ್ಟು. ಕೆಳಗಿನ ಮೀಟರ್ ಮಾತ್ರ 5 ಚಿಲ್ಲರೆ ತೋರಿಸಿ, ಪರವಾಗಿಲ್ಲ ಅನ್ನಿಸಿಬಿಡುತ್ತದೆ. ಕಡಿಮೆ ಎಸ್‌ಡಬ್ಲ್ಯೂಆರ್ ಅಂದರೆ ಒಳ್ಳೆ ಆಂಟೆನಾ ಎಂಬ ನಂಬಿಕೆಯನ್ನು ಮೊದಲು ಬಿಡಿ.

ಕೋಆಕ್ಸ್ ಬದಲು ಓಪನ್ ವೈರ್ ಲೈನ್ (ಅಂತರ ಬಿಟ್ಟು ಜೊತೆಯಾಗಿ ಸಾಗುವ ಎರಡು ತಂತಿ) ಕಟ್ಟಿ. 1.5 ಚದರ ಮಿಲಿಮೀಟರಿನ ಮನೆ ವೈರಿಂಗ್ ತಂತಿ ಎರಡು, ನಡುವೆ 10 ಸೆಂಟಿಮೀಟರ್ ಅಂತರ ಕೊಟ್ಟರೆ ಸುಮಾರು 600 ಓಮ್. 20 ಎಂಎಂ ಪಿವಿಸಿ ವೈರಿಂಗ್ ಪೈಪನ್ನು 12 ಸೆಂಟಿಮೀಟರ್ ತುಂಡು ಮಾಡಿ, ಎರಡು ತುದಿಗೂ ತೂತು ಕೊರೆದು, ಅರ್ಧ ಮೀಟರಿಗೊಂದು ಪೋಣಿಸಿ. ತಂತಿ ಜಾರದಂತೆ ಕಪ್ಪು ಕೇಬಲ್ ಟೈ ಬಿಗಿಯಿರಿ, ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಕಿಟಕಿ ಗ್ರಿಲ್, ಕಬ್ಬಿಣದ ಪೈಪ್‌ಗಳಿಂದ ಲೈನ್ 30 ಸೆಂಟಿಮೀಟರ್ ದೂರವಿರಲಿ.

ಕೆಳಗೆ ಟ್ಯೂನರ್ ಬೇಕೇ ಬೇಕು, ಅದಿಲ್ಲದೆ ಎಲ್ಲ ಬ್ಯಾಂಡ್ ಎಂಬ ಆಸೆ ಬಿಡಿ. ಟ್ಯೂನರ್ ಮತ್ತು ಲೈನ್ ನಡುವೆ 1:1 ಕರೆಂಟ್ ಬಾಲನ್ (ಓಮ್ ಬದಲಿಸದೆ ಎರಡೂ ತಂತಿಯ ಕರೆಂಟ್ ಸಮ ಇಡುವಂಥದ್ದು) ಹಾಕಿ: ಎಫ್‌ಟಿ240-31 ಎಂಬ ಫೆರೈಟ್ ಉಂಗುರದ ಕೋರಿಗೆ ಜೋಡಿ ತಂತಿಯ 12 ಸುತ್ತು. ಅಲ್ಲೂ 4:1 ನನಗೆ ಒಪ್ಪಿಗೆಯಿಲ್ಲ. ಯಾವುದಾದರೂ ಬ್ಯಾಂಡಿನಲ್ಲಿ ಲೈನಿನ ತುದಿಯಲ್ಲಿ 30 ಓಮ್ ಬಂದರೆ ಅದು 8ಕ್ಕೆ ಇಳಿದು, ಪವರ್ ಟ್ಯೂನರಿನ ಕಾಯಿಲ್ ಬಿಸಿ ಮಾಡುವುದಕ್ಕೇ ಹೋಗುತ್ತದೆ. ಬಾಲನ್‌ನಿಂದ ಟ್ಯೂನರಿಗೆ ಕೋಆಕ್ಸ್ ಒಂದು ಮೊಳ ಮೀರಬಾರದು. ಯಾವುದೋ ಬ್ಯಾಂಡ್ ಟ್ಯೂನ್ ಆಗಲು ಹಟ ಮಾಡಿದರೆ ಲೂಪ್ ಮುಟ್ಟಬೇಡಿ, ಓಪನ್ ವೈರ್ ಲೈನನ್ನೇ ಎರಡು ಮೀಟರ್ ಉದ್ದ ಮಾಡಿ ನೋಡಿ.

80 ಮೀಟರ್ ಬ್ಯಾಂಡೂ (3.5 ಮೆಗಾಹರ್ಟ್ಸ್) ಬೇಕಾದರೆ, ಮುಚ್ಚಿದ ಲೂಪ್ ಅಲ್ಲಿ ಅರ್ಧ ತರಂಗವಾಗಿ ಒಗ್ಗುವುದೇ ಇಲ್ಲ. ಫೀಡ್ (ಲೈನ್ ಲೂಪಿಗೆ ಸೇರುವ ಜಾಗ) ಇರುವ ಮೂಲೆಯ ಎದುರು ಮೂಲೆಯಲ್ಲಿ ಇನ್ಸುಲೇಟರ್ ಹಾಕಿ ವೈರನ್ನು ಬಿಡಿಸಿ. ಅದು ಬಾಗಿದ ಡೈಪೋಲ್ (ಎರಡು ತೋಳಿನ ಆಂಟೆನಾ) ಆಗುತ್ತದೆ. 40ಕ್ಕೆ ಮರಳುವಾಗ ಒಂದು ತುಂಡು ವೈರ್ ಮತ್ತು ಕ್ಲಿಪ್‌ನಿಂದ ಅದೇ ಜಾಗವನ್ನು ಸೇರಿಸಿದರಾಯಿತು.