ಫುಕುವೋಕಾಗೆ ಹೋದರೆ ಟೊಂಕೊಟ್ಸು ರಾಮೆನ್ ಎಲ್ಲಿ ತಿನ್ನಬೇಕು?

ನೀವು ಕೇಳಿರುವುದು ಮೂರು ವಿಷಯ. ಒಂದು ವಾರ ಜಪಾನಿನ ಫುಕುವೋಕಾದಲ್ಲಿ ಇರುತ್ತೀರಿ, ಟೊಂಕೊಟ್ಸು ಅಂದರೆ ಹಂದಿಮೂಳೆ ಸೂಪಿನಲ್ಲಿ ನೂಡಲ್ಸ್ ಹಾಕಿದ ರಾಮೆನ್‌ಗೆ ನಂಬರ್ ಒನ್ ಅಂಗಡಿ ಯಾವುದು. ಅದರ ವಾಸನೆ ತಡೆಯೋಕಾಗಲ್ಲ ಅಂತಾರಲ್ಲ, ನಿಜವಾ. ಜೊತೆಗೆ ಬರುವ ಹೆಂಡತಿ ಸಸ್ಯಾಹಾರಿ, ಅವರಿಗೇನು ದಾರಿ.

ನಂಬರ್ ಒನ್ ಹುಡುಕುವುದನ್ನು ಮೊದಲು ಬಿಡಿ. ಅಂಗಡಿ ಬದಲು ಊರು ಆರಿಸಿ. ಕ್ಯುಶು ದ್ವೀಪದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಒಂದೇ ರೈಲು ಮಾರ್ಗದ ಮೇಲೆ ಹಕಾತಾ (ಫುಕುವೋಕಾ ನಗರದ್ದೇ ಭಾಗ), ಕುರುಮೆ, ಕುಮಾಮೊಟೊ, ಕಾಗೊಶಿಮಾ ಸಾಲಾಗಿ ಬರುತ್ತವೆ. ನಾಲ್ಕರಲ್ಲೂ ಹಂದಿಮೂಳೆಯೇ ಬೇಯುವುದು, ಆದರೆ ಬಟ್ಟಲು ನಾಲ್ಕು ಥರ. ವಾರವಿಡೀ ಒಂದೇ ಊರಲ್ಲಿ ಕ್ಯೂ ನಿಲ್ಲುವುದು ಸುಮ್ನೆ ದಂಡ.

ಫುಕುವೋಕಾ ನಗರದ ಶೈಲಿಗೆ ಹಕಾತಾ ರಾಮೆನ್ ಅಂತಲೇ ಹೆಸರು. ನೂಡಲ್ಸ್ ತೆಳ್ಳಗೆ, ನೆಟ್ಟಗೆ ಇರುತ್ತದೆ. ಇದರ ಹಿಂದೆ ನಗಹಾಮಾ ಮೀನು ಮಾರುಕಟ್ಟೆಯ ಕಥೆ ಇದೆ. ಹರಾಜಿನ ನಡುವೆ ಓಡಿಬಂದು ತಿನ್ನುವ ಕೆಲಸಗಾರರಿಗೆ ಕಾಯುವ ಪುರಸೊತ್ತು ಇರಲಿಲ್ಲ, ತೆಳ್ಳಗಿನ ನೂಡಲ್ಸ್ ಬೇಗ ಬೇಯುತ್ತದೆ, ಆದರೆ ಅಷ್ಟೇ ಬೇಗ ಸೂಪಿನಲ್ಲಿ ನೆಂದು ಮೆತ್ತಗಾಗಿಬಿಡುತ್ತದೆ, ಹಾಗಾಗಿ ಮೊದಲು ಸ್ವಲ್ಪವೇ ಹಾಕಿ, ಬೇಕಾದವರಿಗೆ ಆಮೇಲೆ ಇನ್ನೊಂದು ಹಿಡಿ ಬಿಸಿ ನೂಡಲ್ಸ್ ಹಾಕುವ ಪದ್ಧತಿ ಬಂತು. ಅದಕ್ಕೆ 'ಕಾಯೆದಾಮಾ' ಅನ್ನಬೇಕು. ಬಟ್ಟಲಲ್ಲಿ ಎರಡು ತುತ್ತು ಉಳಿದಿರುವಾಗಲೇ ಕೂಗಿ ಹೇಳಿ. ಸೂಪ್ ಮಾತ್ರ ಕುಡಿದು ಮುಗಿಸಬೇಡಿ, ಎರಡನೇ ನೂಡಲ್ಸ್ ಬೀಳುವುದು ಅದರೊಳಗೇ. ಸೂಪ್ ಸಪ್ಪೆಯಾಯಿತು ಅನ್ನಿಸಿದರೆ ಎಷ್ಟೋ ಅಂಗಡಿಗಳಲ್ಲಿ ಮೇಜಿನ ಮೇಲೇ ಉಪ್ಪುಪ್ಪಾದ ಸಾಸ್ ಇಟ್ಟಿರುತ್ತಾರೆ, ನೋಡಿಕೊಂಡು ಹಾಕಿಕೊಳ್ಳಿ.

ನೂಡಲ್ಸ್ ಎಷ್ಟು ಬೆಂದಿರಬೇಕು ಅಂತಲೂ ಕೇಳುತ್ತಾರೆ. ಮಾಮೂಲಿಗೆ 'ಫುತ್ಸು', ಸ್ವಲ್ಪ ಗಟ್ಟಿಗೆ 'ಕತಾ', ಇನ್ನೂ ಗಟ್ಟಿಗೆ 'ಬರಿಕತಾ'. ಅದರಾಚೆಗೂ ಇದೆ, ಆದರೆ ಅದು ಹಸಿ ಹಿಟ್ಟು ಅಗಿದ ಹಾಗೆ, ಶೋಕಿಗೆ ಹೇಳುವವರೇ ಜಾಸ್ತಿ ಅಂತ ನನ್ನ ಗುಮಾನಿ. ನಿಮಗೆ ಕತಾ ಸಾಕು. ಮೇಜಿನ ಮೇಲೆ ಕೆಂಪು ಶುಂಠಿ, ಎಳ್ಳು, ಖಾರದ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಇರುತ್ತವೆ. ಖಾರ ಕಂಡ ತಕ್ಷಣ ನಮ್ಮವರ ಕೈ ಸುಮ್ಮನಿರುವುದಿಲ್ಲ ಅಲ್ವಾ, ಆದರೂ ಮೊದಲು ಬರೀ ಸೂಪ್ ಕುಡಿದು ನೋಡಿ.

ಈಗ ಕುರುಮೆ. ಒಂದೇ ಊರಿಗೆ ಹೋಗಲು ಸಾಧ್ಯ ಅಂದರೆ ಇಲ್ಲಿಗೇ ಹೋಗಿ. ಫುಕುವೋಕಾದ ತೆಂಜಿನ್‌ನಿಂದ ನಿಶಿತೆತ್ಸು ಕಂಪನಿಯ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆ. ಟೊಂಕೊಟ್ಸು ಹುಟ್ಟಿದ್ದೇ ಈ ಊರಲ್ಲಿ, 1937ರಲ್ಲಿ, ನಾಂಕಿನ್ ಸೆನ್‌ರ್ಯೋ ಎಂಬ ಗಾಡಿ ಅಂಗಡಿಯಲ್ಲಿ. ಆಗಿನ ಸೂಪ್ ತಿಳಿಯಾಗಿತ್ತು. ಹಾಲಿನಂಥ ಬಿಳಿ ಸೂಪ್ ಬಂದದ್ದು 1947ರಲ್ಲಿ, ಸಾಂಕ್ಯು ಎಂಬ ಇನ್ನೊಂದು ಗಾಡಿಯಲ್ಲಿ. ಯಜಮಾನ ಆಚೆ ಹೋಗಿದ್ದಾಗ ಪಾತ್ರೆ ಜೋರು ಉರಿಯಲ್ಲಿ ಕುದಿದೇ ಕುದಿಯಿತು, ಚೆಲ್ಲುವ ಮುಂಚೆ ರುಚಿ ನೋಡಿದರೆ ಮೊದಲಿನದಕ್ಕಿಂತ ಚೆನ್ನಾಗಿತ್ತು ಅಂತ ಕಥೆ ಹೇಳುತ್ತಾರೆ. ಕಾರಣ ಸರಳ. ಸಣ್ಣ ಉರಿಯಲ್ಲಿ ಬೇಯಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ನಮ್ಮ ಕಾಲು ಸೂಪಿನ ಹಾಗೆ. ಗಂಟೆಗಟ್ಟಲೆ ಕೊತಕೊತ ಕುದಿಸಿದರೆ ಮೂಳೆಯೊಳಗಿನ ಅಂಟು ಬಿಟ್ಟುಕೊಂಡು, ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲೇ ಬೆರೆತುಹೋಗುತ್ತದೆ. ಬಿಳಿ ಬಣ್ಣ ಅದರಿಂದಲೇ, ಹಾಲು ಹಾಕಿರುವುದಿಲ್ಲ.

ಕುರುಮೆಯ ಹಳೇ ಅಂಗಡಿಗಳು ಪಾತ್ರೆಯನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಹಳೇ ಸೂಪಿಗೆ ಹೊಸ ಸೂಪ್ ಸೇರಿಸುತ್ತಾ ಹೋಗುತ್ತಾರೆ. 1953ರಲ್ಲಿ ಶುರುವಾದ ತೈಹೋ ರಾಮೆನ್ ಈ ಪದ್ಧತಿಗೆ ಹೆಸರುವಾಸಿ. ಮೇಲೆ ಕರಿದ ಹಂದಿಕೊಬ್ಬಿನ ಚೂರು ಉದುರಿಸಿದ ಹಳೇ ಶೈಲಿಯ ಬಟ್ಟಲೂ ಅಲ್ಲಿದೆ, ಅದನ್ನೇ ಹೇಳಿ.

ವಾಸನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ. ನಿಜ, ಜೋರಾಗಿಯೇ ಇರುತ್ತದೆ, ಬೀದಿ ತಿರುವಿನಲ್ಲೇ ಗೊತ್ತಾಗುತ್ತದೆ. ನಾನು ಕೊಡಗಿನವನು, ಹಂದಿಮಾಂಸ ತಿಂದೇ ಬೆಳೆದವನು, ಆದರೂ ಮೊದಲ ಸಲ ಬಾಗಿಲಲ್ಲೇ ಒಂದು ಕ್ಷಣ ನಿಂತೆ. ಬೇರೆ ದೇಶಗಳಲ್ಲಿ ಸಿಗುವ ಟೊಂಕೊಟ್ಸು ಎಷ್ಟೋ ಸಲ ಈ ವಾಸನೆ ತೆಗೆದು ನಯ ಮಾಡಿದ್ದು. ನಿಮಗೆ ಭಯ ಇದ್ದರೆ ಇಚಿರಾನ್ ಅಥವಾ ಇಪ್ಪುಡೋದಲ್ಲಿ ಶುರು ಮಾಡಿ, ಎರಡೂ ಫುಕುವೋಕಾದವೇ, ಹೊಸಬರಿಗೆ ಸುಲಭ. ಅಲ್ಲಿಗೇ ನಿಲ್ಲಿಸಿದರೆ ಮಾತ್ರ ಅಷ್ಟು ದೂರ ಹೋಗಿದ್ದು ವೇಸ್ಟ್.

ಕುಮಾಮೊಟೊದಲ್ಲಿ ಬೆಳ್ಳುಳ್ಳಿ ರಾಜ. ಕಪ್ಪಾಗುವ ತನಕ ಹುರಿದ ಬೆಳ್ಳುಳ್ಳಿಯ ಎಣ್ಣೆಯನ್ನು ಬಿಳಿ ಸೂಪಿನ ಮೇಲೆ ಸುರಿಯುತ್ತಾರೆ, ನೂಡಲ್ಸ್ ಸ್ವಲ್ಪ ದಪ್ಪ. ನಮ್ಮ ನಾಲಿಗೆಗೆ ಬೇಗ ಹೊಂದುವುದು ಇದೇ ಅನ್ನಿಸುತ್ತದೆ. ಹಕಾತಾದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಗಂಟೆಯೊಳಗೆ ಸೇರುತ್ತೀರಿ. ಕಾಗೊಶಿಮಾದ್ದು ಹಂದಿಮೂಳೆ ಜೊತೆ ಕೋಳಿ, ತರಕಾರಿ ಸೇರಿದ ಹಗುರ ಸೂಪ್, ಜೊತೆಗೆ ಮೂಲಂಗಿ ಉಪ್ಪಿನಕಾಯಿ ಕೊಡುತ್ತಾರೆ. ಅದಕ್ಕಾಗಿಯೇ ಅಷ್ಟು ದೂರ ಹೋಗಿ ಅನ್ನಲಾರೆ, ಜ್ವಾಲಾಮುಖಿ ನೋಡಲು ಹೋದರೆ ತಿನ್ನಿ.

ರಾತ್ರಿ ಫುಕುವೋಕಾದ ನಕಾಸು ಬಡಾವಣೆಯಲ್ಲಿ ನಾಕಾ ನದಿ ಪಕ್ಕದ ಯತಾಯ್ ಅನ್ನುವ ಬೀದಿ ಊಟದ ಗಾಡಿಗಳಲ್ಲಿ ಕೂರಬೇಕು ಅನ್ನಿಸಿದರೆ ಕೂರಿ, ವಾತಾವರಣ ಚೆನ್ನಾಗಿರುತ್ತದೆ. ರಾಮೆನ್ ಮಾತ್ರ ಗಲ್ಲಿಯ ಮಾಮೂಲಿ ಅಂಗಡಿಯಲ್ಲೇ ವಾಸಿ. ಎಂಟ್ಹತ್ತು ಸೀಟಿನ ಗಾಡಿ, ತಿಂದ ಮೇಲೆ ಹರಟುತ್ತಾ ಕೂತರೆ ಹಿಂದೆ ನಿಂತವರು ದಿಟ್ಟಿಸುತ್ತಾರೆ. ನಗದು ಇಟ್ಟುಕೊಳ್ಳಿ. ಅಂಗಡಿಗಳ ಟಿಕೆಟ್ ಯಂತ್ರಗಳಿಗೂ ಸಾವಿರ ಯೆನ್ ನೋಟು ಬೇಕಾಗುತ್ತದೆ, ಹಳೆಯವು ದೊಡ್ಡ ನೋಟು ನುಂಗುವುದಿಲ್ಲ.

ನಿಮ್ಮ ಮನೆಯವರ ವಿಷಯ ನೇರವಾಗಿ ಹೇಳುತ್ತೇನೆ. ಇಂಥ ಅಂಗಡಿಗಳಲ್ಲಿ ಅವರಿಗೆ ಸಾಮಾನ್ಯವಾಗಿ ಬರೀ ಅನ್ನ ಬಿಟ್ಟರೆ ಏನೂ ಸಿಗುವುದಿಲ್ಲ. ಮಾಂಸದ ತುಂಡು ತೆಗೆದು ಕೊಡಿ ಅಂದರೂ ಸೂಪೇ ಹಂದಿಯದು. ಸೀಟು ಕಮ್ಮಿ ಇರುವ ಕಡೆ ತಲೆಗೊಂದು ಬಟ್ಟಲು ತೆಗೆದುಕೊಳ್ಳಲೇಬೇಕು ಅನ್ನುವವರೂ ಇದ್ದಾರೆ. ಅವರನ್ನು ಎಳೆದುಕೊಂಡು ಹೋಗಬೇಡಿ. ಊಟಕ್ಕೆ ಹದಿನೈದು ನಿಮಿಷ ಸಾಕು, ಅವರು ತೆಂಜಿನ್‌ನಲ್ಲಿ ಅಂಗಡಿ ಸುತ್ತುತ್ತಿರಲಿ, ನೀವು ಒಬ್ಬರೇ ಹೋಗಿಬನ್ನಿ. ಇನ್ನು ನೀವು ದನದ ಮಾಂಸ ತಿನ್ನುವುದಿಲ್ಲ ಅಂದರೆ, ಆ ಊರಲ್ಲಿ ಎಲ್ಲರೂ ಶಿಫಾರಸು ಮಾಡುವ ಮೊತ್ಸುನಾಬೆ ಎಂಬ ಬಿಸಿ ಸಾರಿನ ಅಡುಗೆ ಸಾಮಾನ್ಯವಾಗಿ ದನದ ಕರುಳಿನದು, ಕೇಳಿಯೇ ಆರ್ಡರ್ ಮಾಡಿ.